ಅತ್ತೆಯ ಸಂಡಿಗೆಯೂ ನನ್ನ ಬಾಗಿಲ ರಬ್ಬರೂ

ಯಾರದೇ ಗಾಡಿ ಹತ್ತಲಿ, ನನ್ನ ಬಲಗೈ ಹೆಬ್ಬೆರಳು ಮೊದಲು ಬಾಗಿಲ ಸುತ್ತ ಕೂರಿಸಿರುವ ಕಪ್ಪು ರಬ್ಬರನ್ನು ಒತ್ತಿ ನೋಡಿಬಿಡುತ್ತದೆ. ತಡೆದುಕೊಳ್ಳಬೇಕು ಅಂದುಕೊಂಡರೂ ಆಗುವುದಿಲ್ಲ. ಒಮ್ಮೆ ಕೋಲಾರದಲ್ಲಿ ನೆಂಟರ ಮದುವೆ. ಹೂವಿನ ಕಾರು ಛತ್ರದ ಮುಂದೆ ಬಂದು ನಿಂತಿತು. ಗಂಡಿಗೆ ಆರತಿ ಎತ್ತಲು ನನ್ನನ್ನು ಮುಂದೆ ತಳ್ಳಿದರು. ಎಡಗೈಯಲ್ಲಿ ತಟ್ಟೆ ಹಿಡಿದಿದ್ದೆ, ಬಲಗೈ ತನ್ನಷ್ಟಕ್ಕೆ ತಾನೇ ಬಾಗಿಲ ಮೂಲೆಗೆ ಹೋಯಿತು. ಇಲ್ಲಿ ಸೀಳು ಬಿಟ್ಟಿದೆ, ಮಳೆ ಬಂದರೆ ನೀರು ಒಳಗೇ ಎಂದು ಮದುಮಗನಿಗೆ ಹೇಳಿಬಿಟ್ಟೆ. ಪಾಪ, ಬಾಡಿಗೆ ಕಾರಿನಲ್ಲಿ ಬಂದವನು, ಬಾಸಿಂಗ ಹಿಡಿದುಕೊಂಡು ಬಗ್ಗಿ ನೋಡಿ ಹೌದು ಅಂದ. ಹಿಂದಿದ್ದ ಹೆಂಗಸರು ನಕ್ಕ ರಭಸಕ್ಕೆ ನನ್ನ ಆರತಿಯ ದೀಪ ಆರಿಹೋಗುವುದರಲ್ಲಿತ್ತು.

ಇದು ನನ್ನ ಕೆಲಸ ಹತ್ತಿಸಿದ ಹುಚ್ಚು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಾಗಿಲ ರಬ್ಬರು ಮಾಡುವ ಕಾರ್ಖಾನೆಯೊಂದರಲ್ಲಿ ಕೊನೆಯ ತಪಾಸಣೆಯ ಮೇಜು ನನ್ನದು. ಬೆಳಿಗ್ಗೆ ಮಾಲೂರಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಸಂಜೆ ಇಳಿಯುವವರೆಗೂ ರಬ್ಬರೇ ರಬ್ಬರು. ನೋಡುವುದಕ್ಕೆ ಅದು ಹಾವಿನ ಹಾಗೆ ಉದ್ದಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ಕಡೆ ತಗಡಿನ ಅಂಚನ್ನು ಕಚ್ಚಿ ಹಿಡಿಯುವ ಹಲ್ಲು, ಇನ್ನೊಂದು ಕಡೆ ಒಳಗೆ ಟೊಳ್ಳಾದ ಮೆತ್ತನೆಯ ಕೊಳವೆ. ಬಾಗಿಲು ಹಾಕಿದಾಗ ಆ ಕೊಳವೆ ಅಮುಕಿಕೊಂಡು ಸಂದಿ ಮುಚ್ಚುತ್ತದೆ. ಧೂಳು, ನೀರು, ಎಲೆಚೂರು ಯಾವುದೂ ಒಳಗೆ ಬರಬಾರದು. ಕೂದಲೆಳೆಯಷ್ಟು ಸೀಳಿದ್ದರೂ ಕಣ್ಣಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತದೆ. ಈ ವಿಷಯದಲ್ಲಿ ನನಗೆ ಜಂಭ ಇತ್ತು, ಈಗಲೂ ಸ್ವಲ್ಪ ಇದೆ.

ಇಂಥ ಜಂಭದವಳು ಇರುವುದೋ, ಧೂಳಿನ ನಡುವೆ. ನಮ್ಮ ಮನೆ ಮಾಲೂರಿನ ಹೊರಗೆ, ಇಟ್ಟಿಗೆ ಗೂಡುಗಳಿಗೆ ಹೋಗುವ ದಾರಿಯಲ್ಲಿದೆ. ಇಟ್ಟಿಗೆ ಲಾರಿಯೊಂದು ಹೋದರೆ ತುಳಸಿ ಗಿಡ ಕೆಂಪಾಗುತ್ತದೆ, ಎರಡು ಹೋದರೆ ಒಣಹಾಕಿದ ಬಿಳಿ ಪಂಚೆ ಕಾವಿ ಬಟ್ಟೆಯಾಗುತ್ತದೆ. ಮನೆಯವರು ಬೋರ್‌ವೆಲ್ ಮೋಟರು ರಿಪೇರಿ ಮಾಡುವವರು. ಶ್ರೀನಿವಾಸಪುರದ ಮಾವಿನ ತೋಟಗಳವರೆಗೂ ಮೋಟರು ಹೇರಿಕೊಂಡು ಓಡಾಡಲು ಒಂದು ಹಳೆಯ, ಉದ್ದನೆಯ ಗಾಡಿ ಇಟ್ಟುಕೊಂಡಿದ್ದಾರೆ. ಅದರ ಬಾಗಿಲ ರಬ್ಬರು ಒಣಗಿ, ಹರಿದು, ಕೆಲವು ಕಡೆ ಇಲ್ಲವೇ ಇಲ್ಲದೆ, ಒಳಗೆ ಕೂತವರು ಇಳಿಯುವ ಹೊತ್ತಿಗೆ ಹುಬ್ಬಿಗೆಲ್ಲಾ ಕುಂಕುಮ ಬಳಿದುಕೊಂಡವರ ಹಾಗೆ ಕಾಣುತ್ತಿದ್ದರು. ಊರಿಗೆಲ್ಲಾ ರಬ್ಬರು ನೋಡುವವಳ ಮನೆ ಗಾಡಿ ಹೀಗೆ ಎಂದು ಅತ್ತೆ ಹೋದಲ್ಲಿ ಬಂದಲ್ಲಿ ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ನಮ್ಮತ್ತೆಯ ಜಂಭ ಸಂಡಿಗೆಯಲ್ಲಿತ್ತು. ಅಕ್ಕಿ ನೆನೆಸಿ, ರುಬ್ಬಿ, ಹಸಿಮೆಣಸಿನಕಾಯಿ, ಜೀರಿಗೆ, ನಿಂಬೆರಸ ಹಾಕಿ ಕುದಿಸಿದ ಹಿಟ್ಟನ್ನು ಚಕ್ಕುಲಿ ಒರಳಿನಲ್ಲಿ ಒತ್ತಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ಕರಿದರೆ ಒಂದೊಂದೂ ಅಂಗೈ ಅಗಲ ಅರಳುತ್ತಿತ್ತು. ತೊಂದರೆ ಏನೆಂದರೆ ಸಂಡಿಗೆಗೆ ಬೇಕಾದ ಬಿಸಿಲೇ ಇಟ್ಟಿಗೆಗೂ ಬೇಕು. ಬೇಸಿಗೆಯಲ್ಲಿ ಗೂಡುಗಳ ಕೆಲಸ ಜೋರು, ಲಾರಿ ಜೋರು, ಧೂಳು ಜೋರು. ಎಷ್ಟು ಜತನ ಮಾಡಿದರೂ ನಮ್ಮ ಸಂಡಿಗೆ ಅಗಿದಾಗ ಹಲ್ಲಿನ ನಡುವೆ ಒಂದು ಸಣ್ಣ ಕಿರ್ ಸದ್ದು ಇದ್ದೇ ಇರುತ್ತಿತ್ತು. ನಮಗೆಲ್ಲಾ ಅದು ಅಭ್ಯಾಸವಾಗಿ, ಸಂಡಿಗೆ ಎಂದರೆ ಹಾಗೇ ಇರುವುದೆಂದು ತಿಳಿದಿದ್ದೆವು.

ನಾದಿನಿಯನ್ನು ಮುಳಬಾಗಿಲಿಗೆ ಕೊಟ್ಟ ವರ್ಷ ಅತ್ತೆ ಒಂದು ಡಬ್ಬದ ತುಂಬ ಸಂಡಿಗೆ ಹೊತ್ತುಕೊಂಡು ಬೀಗರ ಮನೆಗೆ ಹೋದರು. ನಾವೂ ಜೊತೆಗಿದ್ದೆವು. ಊಟಕ್ಕೆ ಕೂತಾಗ ಬೀಗರು, ಅಂದರೆ ನಾದಿನಿಯ ಮಾವ, ಒಂದು ಸಂಡಿಗೆಯನ್ನು ಪ್ರೀತಿಯಿಂದ ಕಚ್ಚಿದರು. ಕಿರ್ ಎಂದಿತು. ಆಮೇಲೆ ಕಟಕ್ ಎಂದಿತು. ಅವರು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡದ್ದು ತಾವು ಕಟ್ಟಿಸಿಕೊಂಡಿದ್ದ ಹಲ್ಲು. ಬೀಗಿತ್ತಿ ಬಹಳ ಮರ್ಯಾದಸ್ಥೆ. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಗಾಬರಿಯಾದರೆ ಎರಡೂ. ಫರವಾಲೇದು ಬೀಗ್ರೇ, ಅದು ಹಳೇ ಹಲ್ಲು ಎಂದು ಸಮಾಧಾನ ಮಾಡಿದರು. ಅತ್ತೆ ಅಲ್ಲಿ ಎಲ್ಲರ ಜೊತೆ ನಕ್ಕರು. ಮನೆಗೆ ಬಂದವರೇ ಚಕ್ಕುಲಿ ಒರಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು. ಇನ್ನು ಈ ಜನ್ಮದಲ್ಲಿ ಸಂಡಿಗೆ ಒತ್ತುವುದಿಲ್ಲ ಅಂದರು. ಅವರ ಮುಖ ನೋಡಿ ನಾನು ತಮಾಷೆ ಮಾಡಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಮುಂದಿನ ಬೇಸಿಗೆಗೆ ನಾದಿನಿ ಏಳು ತಿಂಗಳ ಬಸುರಿ. ಸೀಮಂತ ಗಂಡನ ಮನೆಯಲ್ಲೇ ಮಾಡಿ, ಹಾಗೇ ಹೆರಿಗೆಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಹತ್ತು ದಿನ ಇರುವಾಗ ಅವಳ ಫೋನು ಬಂತು. ಸ್ಪೀಕರಿನಲ್ಲಿ ನಾವೆಲ್ಲ ಕೇಳುತ್ತಿದ್ದೆವು.

"ಅಮ್ಮಾ, ನಂಗೇನೂ ಬೇಡ. ನಿನ್ ಸಂಡಿಗೆ ತತ್ತಾ. ರಾತ್ರಿ ಹಗಲು ಅದೇ ನೆಪ್ಪು."

ಅಂಗಡಿಯಲ್ಲಿ ಒಳ್ಳೇ ಸಂಡಿಗೆ ಸಿಗುತ್ತದೆ, ತರುತ್ತೇನೆ ಎಂದು ಅತ್ತೆ ಹೇಳಿದರು. ಬೇಡ, ನಿನ್ ಸಂಡಿಗೇನೇ ಬೇಕು ಅಂದಳು ಅವಳು. ಫೋನಿಟ್ಟ ಮೇಲೆ ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು, ಬಿಡಿಸಿದ ಸೊಪ್ಪನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕುತ್ತಿದ್ದರು. ಬಸುರಿ ಮಗಳ ಬಯಕೆ ಒಂದು ಕಡೆ, ಬೀಗರ ಹಲ್ಲು ಇನ್ನೊಂದು ಕಡೆ. ಮತ್ತೊಮ್ಮೆ ಅದೇ ಪಂಕ್ತಿಯಲ್ಲಿ ಕಿರ್ ಎಂದರೆ ಅವರು ತಲೆ ಎತ್ತುವ ಹಾಗಿರಲಿಲ್ಲ.

ಆಗ ನನಗೆ ಆ ಯೋಚನೆ ಬಂತು. ಬಂದ ಕೂಡಲೇ ನಾನು ಅಡುಗೆಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಒಲೆಯಷ್ಟು ಕಾವಿರುತ್ತದೆ. ಬಾಗಿಲಿಗೆ ಒಳ್ಳೆಯ ರಬ್ಬರು ಹಾಕಿಸಿದರೆ ಧೂಳಿನ ಮಾತೇ ಇಲ್ಲ. ಮಾಳಿಗೆ ಯಾಕೆ ಬೇಕು? ಸಂಡಿಗೆಯನ್ನು ಗಾಡಿಯಲ್ಲಿ ಒಣಗಿಸಿದರಾಯಿತು. ಅತ್ತೆಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಿಸಿಲು ತಲೆಗೇರಿದೆಯಾ ಎಂದು ಹಣೆ ಮುಟ್ಟಿ ನೋಡಿದರು. ಆದರೂ ಬೇಡ ಅನ್ನಲಿಲ್ಲ.

ಕಾರ್ಖಾನೆಯಿಂದ ಒಂದು ಗೇಣು ರಬ್ಬರೂ ಆಚೆ ತರುವ ಹಾಗಿಲ್ಲ. ಕೋಲಾರದಲ್ಲಿ ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಗಲ್ಲಾದಲ್ಲಿದ್ದ ಸಾಹೇಬರು ಬಿಳಿ ಗಡ್ಡದ ಹಿರಿಯರು. ಅವರು ತೋರಿಸಿದ ಸುರುಳಿಗಳನ್ನೆಲ್ಲ ನಾನು ಒತ್ತಿ, ಬಗ್ಗಿಸಿ, ಉಗುರಲ್ಲಿ ಗೀರಿ, ಮೂಸಿ ನೋಡಿ ಮೂರು ಸುರುಳಿ ಬೇಡವೆಂದೆ. ಯಾವ ಗಾಡಿಗೆ ಅಮ್ಮಾ ಎಂದು ಕೇಳಿದರು. ಗಾಡಿ ಹೆಸರು ಹೇಳಿ ಸುಮ್ಮನಾಗಬಹುದಿತ್ತು, ಸಂಡಿಗೆ ಒಣಗಿಸೋದಕ್ಕೆ ಅಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಧೂಳು ಒಳಗೆ ಬರಲ್ಲ, ಸರಿ. ಹವಾ ಆಚೆ ಹೆಂಗೆ ಹೋಗ್ತದೆ ಅಮ್ಮಾ?"

ರಬ್ಬರಿನ ವಿಷಯ ನನಗೆ ಹೇಳಿಕೊಡಲು ಬಂದರಲ್ಲ ಎನಿಸಿತು. ಅದೆಲ್ಲ ನನಗೆ ಗೊತ್ತು ಎನ್ನುವ ಹಾಗೆ ನಕ್ಕು, ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಆ ಬಸ್ಸಿನ ಬಾಗಿಲಿಗೆ ರಬ್ಬರೇ ಇರಲಿಲ್ಲ. ಹಾಗೆ ನೋಡಿದರೆ ಬಾಗಿಲೂ ಪೂರ್ತಿ ಇರಲಿಲ್ಲ.

ಭಾನುವಾರ ನಮ್ಮ ಅಂಗಳದಲ್ಲಿ ಹಬ್ಬ. ಹಳೇ ರಬ್ಬರನ್ನು ಕಿತ್ತು, ಅಂಟಿನ ಕಲೆಯನ್ನು ಚಾಕುವಿನಿಂದ ಹೆರೆದು, ಅಂಚನ್ನು ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಬೆರಳು ಬೆರಳು ಜಾಗ ಒತ್ತುತ್ತಾ ಕೂರಿಸಿದೆ. ಮೂಲೆಯಲ್ಲಿ ಎಳೆಯಬಾರದು, ಎಳೆದರೆ ತೆಳುವಾಗಿ ಸಂದಿ ಬಿಡುತ್ತದೆ. ಎರಡು ತುದಿ ಸೇರುವ ಜಾಗ ಬಾಗಿಲ ಕೆಳಗೆ ಬರಬೇಕು, ಮೇಲೆ ಬಂದರೆ ನೀರು ಇಳಿಯುತ್ತದೆ. ಮನೆಯವರು ಪಕ್ಕದಲ್ಲಿ ನಿಂತು ಕೇಳಿದ್ದು ಕೊಡುತ್ತಿದ್ದರು, ನಾನು ಅವರನ್ನು ಬೈಯುತ್ತಿದ್ದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅಷ್ಟು ಸುಖವಾದ ಭಾನುವಾರ ನನಗೆ ನೆನಪಿಲ್ಲ.

ಆಮೇಲೆ ಪರೀಕ್ಷೆ. ರಬ್ಬರಿಗೆ ರಂಗೋಲಿ ಪುಡಿ ಸವರಿ ಬಾಗಿಲು ಹಾಕಿ ತೆಗೆದರೆ ಎದುರಿನ ತಗಡಿನ ಮೇಲೆ ಸುತ್ತಲೂ ಒಂದೇ ಬಿಳಿ ಗೆರೆ ಮೂಡಬೇಕು, ಎಲ್ಲಿ ಗೆರೆ ತಪ್ಪಿತೋ ಅಲ್ಲಿ ರಬ್ಬರು ಮುಟ್ಟಿಲ್ಲ ಎಂದರ್ಥ. ಐದು ಬಾಗಿಲಿಗೂ ಗೆರೆ ಮೂಡಿತು. ಇನ್ನು ಉಳಿದದ್ದು ನೀರು. ರಿಪೇರಿಯಾದ ಮೋಟರನ್ನು ಪರೀಕ್ಷಿಸಲು ಮನೆಯವರು ನೀರಿನ ಸಂಪಿನೊಳಗೆ ಇಳಿಸಿ ಪೈಪಿನಲ್ಲಿ ನೀರು ಹಾರಿಸುವುದು ರೂಢಿ. ಅದೇ ಪೈಪನ್ನು ಗಾಡಿಯ ಕಡೆಗೆ ತಿರುಗಿಸಿದರು. ಅಷ್ಟರಲ್ಲಿ ಅತ್ತೆ, ಹೊರಗಿಂದ ನೋಡಿದರೆ ಏನು ತಿಳಿಯುತ್ತದೆ, ನಾನು ಒಳಗೇ ಕೂರುತ್ತೇನೆ ಎಂದು ಎಲೆಅಡಿಕೆ ಚೀಲ ಹಿಡಿದು ಹತ್ತಿಬಿಟ್ಟರು. ಐದು ಎಚ್‌ಪಿ ಮೋಟರಿನ ನೀರು ಗಾಡಿಯ ಮೇಲೆ ಅಪ್ಪಳಿಸಿತು. ಗಾಜಿನ ಹಿಂದೆ ಅತ್ತೆ ಅಭಿಷೇಕಕ್ಕೆ ಕೂತ ದೇವರ ಹಾಗೆ ಅಲ್ಲಾಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೀರು ನಿಲ್ಲಿಸಿ ಬಾಗಿಲು ತೆಗೆದೆ. ಸೀರೆಯ ಮೇಲೆ ಒಂದು ಹನಿ ಇರಲಿಲ್ಲ. ಅವರು ತಮ್ಮ ತೊಡೆ ಮುಟ್ಟಿಕೊಂಡರು, ಸೀಟು ಮುಟ್ಟಿದರು, ಆಮೇಲೆ ನಗಲು ಶುರುಮಾಡಿದರು. ನಗುತ್ತಲೇ ಹೋಗಿ ಏಣಿ ಹಾಕಿಸಿ ಅಟ್ಟದಿಂದ ಒರಳು ಇಳಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಬುಧವಾರ ನಾನು ರಜೆ ಹಾಕಿದೆ. ಸೀಮಂತಕ್ಕೆ ನಾಲ್ಕೇ ದಿನ. ಮಧ್ಯದ ಸೀಟು ಮಡಚಿ, ಹಲಗೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಬಿಸಿಬಿಸಿ ಹಿಟ್ಟನ್ನು ಸುತ್ತುಸುತ್ತಾಗಿ ಒತ್ತಿದೆವು. ಡ್ಯಾಶ್‌ಬೋರ್ಡಿನ ಮೇಲೂ ಎರಡು ಸಾಲು. ಬಾಗಿಲು ಹಾಕಲು ಹೋದರೆ ಬಾಗಿಲು ವಾಪಸ್ಸು ತಳ್ಳುತ್ತಿತ್ತು. ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ, ಅಷ್ಟು ಬಿಗಿ. ಆಚೆ ಬದಿಯ ಬಾಗಿಲ ಗಾಜನ್ನು ಒಂದು ಬೆರಳು ಇಳಿಸಿ, ಬಾಗಿಲು ಹಾಕಿ, ಮತ್ತೆ ಏರಿಸಬೇಕಾಯಿತು. ನೋಡಿ ಹೇಗೆ ಕೂತಿದೆ ಎಂದು ಬೀಗಿದೆ. ಲಾರಿಗಳು ಹೋಗುತ್ತಿದ್ದವು, ಧೂಳೇಳುತ್ತಿತ್ತು. ನಾವಿಬ್ಬರೂ ಬೇವಿನ ಮರದ ನೆರಳಲ್ಲಿ ಕೂತು ಒಂದೊಂದು ಲಾರಿಗೂ ಕೈ ಬೀಸಿ ನಗುತ್ತಿದ್ದೆವು. ಒಬ್ಬ ಡ್ರೈವರು ಪರಿಚಯದವರಿರಬೇಕೆಂದು ಲಾರಿ ನಿಧಾನಿಸಿಯೂಬಿಟ್ಟ.

ಮಧ್ಯಾಹ್ನ ಗಾಜು ಬೆಳ್ಳಗಾಯಿತು. ಒಳಗಿಂದ ಬೆಳ್ಳಗಾಗಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ಚಾವಣಿಯಿಂದ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಹೂವಿನ ಹಾಗಿದ್ದ ಸಂಡಿಗೆಗಳು ಕರಗಿ, ಒಂದಕ್ಕೊಂದು ಸೇರಿ, ಹಲಗೆಯ ಅಂಚಿನಿಂದ ಅಂಬಲಿಯಾಗಿ ಇಳಿಯುತ್ತಿದ್ದವು. ಒಂದು ಕಣ ಧೂಳಿರಲಿಲ್ಲ, ಅದು ನಿಜ. ಹಿಟ್ಟಿನಲ್ಲಿದ್ದ ನೀರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ. ಕೋಲಾರದ ಸಾಹೇಬರು ಅಂಗಡಿಯಲ್ಲಿ ಕೂತೇ ಕಂಡದ್ದು ಮೇಜಿನ ಮುಂದೆ ವರ್ಷಗಟ್ಟಲೆ ನಿಂತ ನನಗೆ ಕಾಣಲಿಲ್ಲ.

ನನಗೆ ಅಳು ಬಂತು. ಅತ್ತೆ ಬಗ್ಗಿ ಅಂಬಲಿಯನ್ನು ಪಾತ್ರೆಗೆ ಬಳಿದುಕೊಂಡರು, ಎಮ್ಮೆಗೆ ಹಾಕೋಣ ಅಂದರು. ಒರಳನ್ನು ತೊಳೆದು ಬಿಸಿಲಿಗಿಟ್ಟರು. ಇನ್ನು ಅದು ಅಟ್ಟಕ್ಕೇ ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಗಾಡಿಯ ಬಾಗಿಲು ತಳ್ಳಿ ಅವರು ಮನೆ ಕಡೆ ಹೊರಟರು. ಎರಡು ಹೆಜ್ಜೆಗೆ ನಿಂತರು. ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತ್ತು. ಎಳೆದರು, ಬರಲಿಲ್ಲ. ಜೋರಾಗಿ ಎಳೆದರು, ಆಗಲೂ ಬರಲಿಲ್ಲ, ಹರಿಯಲೂ ಇಲ್ಲ. ನಾನು ಬಿಡಿಸಲು ಹೋದರೆ ತಡಿ ಎಂದು ಕೈ ಅಡ್ಡ ಹಿಡಿದರು. ಸೆರಗನ್ನು ಹಗ್ಗದ ಹಾಗೆ ಬಿಗಿಯಾಗಿ ಹಿಡಿದು, ಬಾಗಿಲನ್ನೂ ಕಿಟಕಿಯನ್ನೂ ನೋಡುತ್ತಾ ನಿಂತರು.

"ಏನೇ, ಗಾಜೆಲ್ಲಾ ಇಳಿಸಿ ಈ ಥರ ಸೀರೆ ಕಚ್ಚಿಸಿದ್ರೆ?"

ಮರುದಿನ ಬೆಳಿಗ್ಗೆ ಅತ್ತೆಯ ಪೆಟ್ಟಿಗೆಯಿಂದ ನಾಲ್ಕು ಹಳೇ ವಾಯಿಲ್ ಸೀರೆ ಹೊರಬಂದವು, ಒಗೆದು ಒಗೆದು ಜೇಡರ ಬಲೆಯಷ್ಟು ತೆಳ್ಳಗಾದವು. ಗಾಜುಗಳನ್ನೆಲ್ಲ ಪೂರ್ತಿ ಇಳಿಸಿ, ತೆರೆದ ಬಾಗಿಲಿನ ಮೇಲೆ ಸೀರೆಯನ್ನು ಎರಡು ಮಡಿಕೆಯಾಗಿ ಹೊದಿಸಿ ಬಾಗಿಲು ಹಾಕಿದರೆ, ಸುತ್ತಲೂ ರಬ್ಬರು ಬಟ್ಟೆಯ ಅಂಚನ್ನು ಕಚ್ಚಿ ತಮಟೆಯ ಚರ್ಮದ ಹಾಗೆ ಬಿಗಿದು ನಿಲ್ಲಿಸಿತು. ಗಾಳಿ ಬರುತ್ತದೆ, ಹೋಗುತ್ತದೆ, ಧೂಳು ಬಟ್ಟೆಯ ಮೇಲೇ ಉಳಿಯುತ್ತದೆ. ಒಂದು ಬಾಗಿಲಿಗೆ ನೀಲಿ ಹೂವು, ಒಂದಕ್ಕೆ ಹಸಿರು ಚುಕ್ಕಿ, ಹಿಂದಿನವೆರಡಕ್ಕೆ ಕೆಂಪು ಅಂಚು. ದಾರಿಯಲ್ಲಿ ಹೋಗುವವರು ನಿಂತು ಸೀಮಂತ ಗಾಡಿಗಾ ಎಂದು ಕೇಳಿದರು. ಹೌದು, ಏಳು ತಿಂಗಳು ಅಂದರು ಅತ್ತೆ. ನಾನು ನಗುತ್ತಾ ನೆಲದ ಮೇಲೇ ಕೂತುಬಿಟ್ಟೆ.

ಮೂರು ಬಿಸಿಲಿಗೆ ಸಂಡಿಗೆ ಗಲಗಲ ಒಣಗಿತು. ಹಲಗೆಯ ನಡುವೆ ನಾನು ಒಂದು ಬಿಳಿ ಪಿಂಗಾಣಿ ತಟ್ಟೆ ಇಟ್ಟಿದ್ದೆ, ಕಾರ್ಖಾನೆಯವಳ ಬುದ್ಧಿ. ಶನಿವಾರ ಅದನ್ನು ಬೆರಳಲ್ಲಿ ಒರೆಸಿ ನೋಡಿದೆ, ಬೆರಳು ಬೆರಳ ಬಣ್ಣದಲ್ಲೇ ಇತ್ತು. ಸೀರೆಗಳನ್ನು ಕೊಡವಿದಾಗ ಉದುರಿದ ಕೆಂಪು ಪುಡಿಯಲ್ಲಿ ಒಂದು ಇಟ್ಟಿಗೆ ಆಗಬಹುದಿತ್ತು.

ಭಾನುವಾರ ಮುಳಬಾಗಿಲಿನಲ್ಲಿ ಸೀಮಂತ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಪಂಕ್ತಿ ಕೂತಿತು. ಬೀಗಿತ್ತಿಯೇ ನಿಂತು ನಮ್ಮ ಸಂಡಿಗೆ ಕರಿಸಿದರು. ಬೀಗರ ಎಲೆಗೆ ಬಿದ್ದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಸ ಹಲ್ಲಿಲ್ಲದ ಕಡೆಯಿಂದ ಹುಷಾರಾಗಿ ಕಚ್ಚಿದರು. ಅತ್ತೆ ಉಸಿರು ಬಿಗಿಹಿಡಿದಿದ್ದರು. ನಾನೂ ಹಿಡಿದಿದ್ದೆ. ಕರಕರ ಎಂದಿತು, ಬರೀ ಕರಕರ. ಅವರು ಅಗಿದು, ನುಂಗಿ, ಇನ್ನೊಂದು ಬಡಿಸಲು ಕೈ ಸನ್ನೆ ಮಾಡಿದರು, ಆಮೇಲೆ ಹೊಸ ಹಲ್ಲಿನ ಕಡೆಯಿಂದಲೇ ಕಚ್ಚಿದರು. ಅತ್ತೆ ನನ್ನ ಕೈಯನ್ನು ಹಿಂಡಿದ ಹಿಂಡಿಗೆ ಬಳೆ ಒತ್ತಿ ಗೀರು ಬಿತ್ತು.

ನಾದಿನಿಯ ಮುಂದೆ ತಟ್ಟೆಯ ತುಂಬ ಸಂಡಿಗೆ. ಅವಳು ಆಸೆಯಿಂದ ಒಂದು ಬಾಯಿಗೆ ಹಾಕಿದಳು. ಅಗಿದಳು. ಮತ್ತೆ ಅಗಿದಳು, ಏನೋ ಹುಡುಕುವ ಹಾಗೆ. ಇನ್ನೊಂದು ತೆಗೆದುಕೊಂಡಳು. ಅರ್ಧ ತಿಂದು ಕೆಳಗಿಟ್ಟಳು. ಕಣ್ಣಲ್ಲಿ ನೀರು ತುಂಬಿತು. ಅತ್ತೆ ಗಾಬರಿಯಾಗಿ ಯಾಕೆ, ಉಪ್ಪು ಹೆಚ್ಚಾಯಿತಾ ಎಂದು ಕೇಳಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಚೆನ್ನಾಗೈತಮ್ಮ. ಮಣ್ಣೇ ಇಲ್ವಲ್ಲಮ್ಮ ಇದ್ರಾಗೆ."

ಬೀಗಿತ್ತಿ ಒಳಗೆ ಹೋಗಿ, ಕಳೆದ ವರ್ಷ ಅತ್ತೆ ತಂದಿದ್ದ ಅದೇ ಡಬ್ಬ ತಂದು, ಮುಚ್ಚಳ ತೆಗೆದು, ತಲೆಕೆಳಗು ಮಾಡಿ ತೋರಿಸಿದರು. ಖಾಲಿ.

"ಕರೀದೇನೇ ತಿಂದವ್ಳೆ ಬೀಗ್ರೇ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಕೊಂಡು, ದಿನಾ ನಾಕು ನಾಕು. ಮುಗಿದ್ಮೇಲೇ ನಿಮ್ಗೆ ಫೋನ್ ಮಾಡಿದ್ದು."

ಡಾಕ್ಟರಿಗೆ ತೋರಿಸಿದ್ದಾರಂತೆ. ರಕ್ತ ಕಡಿಮೆ ಇದ್ದರೆ ಬಸುರಿಯರಿಗೆ ಮಣ್ಣಿನ ಬಯಕೆ ಆಗುವುದುಂಟು ಎಂದು ಬೈದು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರಂತೆ. ಆದರೆ ಇವಳು ಮುಳಬಾಗಿಲಿನ ಯಾವ ಮಣ್ಣನ್ನೂ ಮುಟ್ಟಿಲ್ಲವಂತೆ. ಬೀಗಿತ್ತಿ ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಸಣ್ಣ ದೂರೂ ಇತ್ತು. ಅತ್ತೆ ಮಗಳನ್ನು ನೋಡಿದರು, ಖಾಲಿ ಡಬ್ಬ ನೋಡಿದರು, ಬೀಗರನ್ನು ನೋಡಿದರು. ಅವರ ಹೊಟ್ಟೆಯಿಂದ ಎದ್ದ ನಗು ಇಡೀ ಪಂಕ್ತಿಗೆ ಹರಡಿತು. ಬೀಗರು ಬಾಯಿಗೆ ಕೈ ಅಡ್ಡ ಹಿಡಿದು, ಹಲ್ಲು ಭದ್ರ ಮಾಡಿಕೊಂಡು ನಗುತ್ತಿದ್ದರು. ನಗುನಗುತ್ತಲೇ ಅತ್ತೆ ಅಳುತ್ತಿದ್ದರು. ಮಗಳ ಕೈಗೆ ಮಾತ್ರೆ ಕೊಟ್ಟು, ಇದನ್ನು ನುಂಗು ಮೊದಲು ಅಂದರು.

ಸಂಜೆ ಅವಳನ್ನು ಕರೆದುಕೊಂಡು ಹೊರಟೆವು. ಗಾಡಿಯೊಳಗೆ ಹೊಸ ಸೀಟಿನ ಬಟ್ಟೆ, ಗಾಜೆಲ್ಲ ಏರಿಸಿದ್ದೆ, ಹೊರಗಿನ ಸದ್ದೂ ಕೇಳದ ಹಾಗೆ ರಬ್ಬರು ಬಿಗಿಯಾಗಿ ಕೂತಿತ್ತು. ಮಾಲೂರಿನ ಮೊದಲ ಇಟ್ಟಿಗೆ ಗೂಡು ಕಂಡಾಗ ನಾದಿನಿ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದಳು. ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಕೈ ಚಾಚಿ, ಮಗಳ ಪಕ್ಕದ ಗಾಜನ್ನು ಪೂರ್ತಿ ಇಳಿಸಿದರು. ಲಾರಿ ಹಾದುಹೋಯಿತು. ಕೆಂಪು ಧೂಳು ಒಳಗೆ ನುಗ್ಗಿ ನಮ್ಮೆಲ್ಲರ ಮೇಲೆ ಕೂತಿತು. ನಾದಿನಿ ಕಣ್ಣು ಮುಚ್ಚಿ ಎಳೆದುಕೊಂಡ ಆ ಉಸಿರಿನ ಸದ್ದು ಕೇಳಿ, ಹಿಂದೆ ಕೂತಿದ್ದ ನಾನು ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ.